ಕರೆಯದೆ ಬಂದ ಮುಯ್ಯಾಳು

ಮೈಸೂರು ರಾಜ್ಯ ಹೋಗಿ ಕರ್ನಾಟಕವಾದ ಮೇಲಿನ ಮೊದಲ ಸುಗ್ಗಿ ಅದು. ಹೆಸರು ಬದಲಾದರೆ ಜನರ ಬುದ್ಧಿ ಬದಲಾದೀತೇ ಎಂದು ಚಿಮ್ಮನಚೋಡದ ದ್ರೌಪದಿ ಕೇಳುತ್ತಿದ್ದಳು. ಗಂಡ ತೀರಿಕೊಂಡಾಗ ಭಾವ ಜಗದೇವಪ್ಪ ಬೆಲ್ಲದ ಗಂಟು ಹಿಡಿದು ಸಮಾಧಾನ ಹೇಳಲು ಬಂದವನು, ಹೋಗುವಾಗ ಎರಡೂ ಎತ್ತು ಹೊಡೆದುಕೊಂಡು ಹೋಗಿದ್ದ. ಅಂದಿನಿಂದ ಅವಳ ಕೊಟ್ಟಿಗೆಯಲ್ಲಿ ಒಂದು ಆಡೂ ಇಲ್ಲ. ಯಾರಾದರೂ ಸಿಹಿಯಾಗಿ ಮಾತಾಡಿದರೆ ಸಾಕು, 'ಮೇಲೆ ಬಸಪ್ಪ, ಒಳಗೆ ವಿಷಪ್ಪ' ಅಂದುಕೊಂಡು ಬಾಗಿಲು ಮುಂದೆ ಮಾಡುತ್ತಿದ್ದಳು.

ತೊಗರಿಕಾಯಿ ಒಣಗಿ ಸಿಡಿಯುವ ಹೊತ್ತಿಗೆ ಅವಳು ಜ್ವರ ಬಂದು ಮಲಗಿದಳು. ಕೊಯ್ಯದೆ ಬಿಟ್ಟರೆ ವರ್ಷದ ಅನ್ನ ಮಣ್ಣುಪಾಲು. ಊರಲ್ಲಿ ಮುಯ್ಯಾಳಿನ ಪದ್ಧತಿ: ಇಂದು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಎದ್ದು ನಿಲ್ಲಲಾರದವಳನ್ನು ನಂಬಿ ಯಾರು ಬಂದಾರು?

ಹಳ್ಳದಾಚೆ ಹೊಲದ ಬಂದೇಅಲಿ ಬಂದ. ಕರೆಯದೆ ಬಂದ. ಹೆಂಡತಿ ಮಾಶಾಬಿಯನ್ನೂ ಕರೆತಂದು ಕೊಯ್ಲಿಗೆ ನಿಂತ.

ಸುದ್ದಿ ಕೇಳಿ ದ್ರೌಪದಿಗೆ ಜ್ವರಕ್ಕಿಂತ ಅದೇ ಹೆಚ್ಚು ಸುಟ್ಟಿತು. ಇವನಿಗೆ ನನ್ನ ಬದುವಿನ ಬಂಡಿದಾರಿ ಮೇಲೆ ಕಣ್ಣಿರಬೇಕು! ಕೌದಿ ಹೊದ್ದುಕೊಂಡು ತೂರಾಡುತ್ತ ಹೊಲಕ್ಕೆ ಹೋಗಿ ಬನ್ನಿಮರದ ಕೆಳಗೆ ಕಾವಲು ಕೂತಳು. ಮಾಶಾಬಿ ಬಗ್ಗಿದಾಗಲೆಲ್ಲ ಉಡಿಯಲ್ಲಿ ಕಾಯಿ ತುಂಬಿಕೊಂಡಳೇನೋ ಎಂದು ಕತ್ತು ಚಾಚಿ ನೋಡಿದಳು. ಅಷ್ಟರಲ್ಲಿ ಬಂದೇಅಲಿ ಗಡಿಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತದ್ದು ಕಂಡಿತು. ಕೈ ಹಿಂದೆ ಮುಂದೆ ಆಡುತ್ತಿತ್ತು.

"ಕಲ್ಲು ಮುಟ್ಟಬ್ಯಾಡ! ನಿನ್ನ ಮನಸಿನ್ಯಾಗ ಏನದ, ಬಾಯಿ ಬಿಟ್ಟು ಹೇಳು!"

"ಕುಡಗೋಲು ಮಸಿಲಿಕತ್ತೀನಿ ಅಕ್ಕಾ," ಎಂದ ಬಂದೇಅಲಿ. ನಡುಗುತ್ತಿದ್ದ ಅವಳ ಮುಖವನ್ನೇ ತುಸು ಹೊತ್ತು ನೋಡಿದ. "ಖರೇ ಹೇಳ್ತೀನಿ, ಇದು ನನ್ನ ಸ್ವಾರ್ಥ. ಹಳ್ಳದ ಆಚಿ ನನ್ನ ತೊಗರಿ ನಿಂತದ. ನಿಮ್ಮ ಬೆಳಿ ಹಿಂಗೇ ಬಿಟ್ಟರ ಹುಳ ಬಿದ್ದು ನನ್ನ ಹೊಲಕ್ಕ ದಾಟ್ತಾವ. ನನ್ನ ಹೊಟ್ಟಿ ನಾ ನೋಡ್ಕೋಬ್ಯಾಡಾ?"

ಮಾಶಾಬಿ ಏನೋ ಹೇಳಹೋಗಿ, ತಲೆ ತಗ್ಗಿಸಿ ಕೆಲಸಕ್ಕೆ ಬಗ್ಗಿದಳು.

"ಹಂಗನ್ನು ಮತ್ತ!" ಎಂದಳು ದ್ರೌಪದಿ. ಎದೆ ಹಗುರಾಯಿತು. ಸ್ವಾರ್ಥ ಅಂದರೆ ನಂಬಬಹುದು. ಮಾಶಾಬಿ ಕೊಟ್ಟ ರೊಟ್ಟಿಯನ್ನು ಅನುಮಾನಪಡದೆ ತಿಂದಳು.

ತೊಗರಿ ಮನೆ ಸೇರಿತು, ಜ್ವರವೂ ಬಿಟ್ಟಿತು. ಕೌದಿ ಒಗೆಯಲು ಹಳ್ಳಕ್ಕೆ ಹೋದವಳು ಆ ವರ್ಷ ಮೊದಲ ಸಲ ಆಚೆ ದಂಡೆ ಹತ್ತಿದಳು. ಬಂದೇಅಲಿಯ ಹೊಲದ ತುಂಬ ಜೋಳ, ಹಸಿಗಾಳು ಸುಟ್ಟು ಸೀತನಿ ತಿನ್ನುವ ಹದಕ್ಕೆ ಬಂದ ತೆನೆ. ಹುಡುಕಿದರೂ ಒಂದು ತೊಗರಿ ಗಿಡವಿಲ್ಲ.

ಮೊದಲು ಸಿಟ್ಟು ಬಂತು. ಕಣ್ಣಲ್ಲಿ ಕಣ್ಣಿಟ್ಟು ಎಂಥ ಸುಳ್ಳು! ಒಳ್ಳೆಯವರು ಅನಿಸಿಕೊಳ್ಳಲು ಸುಳ್ಳು ಹೇಳಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಸ್ವಾರ್ಥಿ ಅನಿಸಿಕೊಳ್ಳಲು ಸುಳ್ಳು ಹೇಳಿದವನು ಇವನೊಬ್ಬನೇ. ಇದರಲ್ಲೇನು ಹುನ್ನಾರ ಎಂದು ಎಷ್ಟು ಕೆದಕಿದರೂ ಸಿಗಲಿಲ್ಲ. ಉಪಕಾರ ಮಾಡಲು ಬಂದವನೂ ಸುಳ್ಳು ಹೇಳಿಯೇ ತನ್ನ ಹೊಲದಲ್ಲಿ ನಿಲ್ಲಬೇಕಾಯಿತಲ್ಲ ಎಂದು ನಾಚಿಕೆಯಾಗಿ, ಹಸಿ ಕೌದಿ ಹಿಡಿದು ಅಲ್ಲೇ ಅತ್ತಳು.

ಜೋಳ ಕೊಯ್ಯುವ ದಿನ ಕುಡಗೋಲು ಹಿಡಿದು ಅವನ ಹೊಲಕ್ಕೆ ಹೋದಳು.

"ನೀವ್ಯಾಕ ಬಂದ್ರಿ ಅಕ್ಕಾ? ಅದು ಮುಯ್ಯಿ ಅಲ್ಲ, ನನ್ನ ಸ್ವಾರ್ಥ ಅಂದಿದ್ನಲ್ಲ?"

"ನಾನೇನು ಮುಯ್ಯಿಗೆ ಬಂದೀನೇನು? ದನಕ್ಕ ಹಾಕಲಿಕ್ಕ ಕಣಕಿ ಬೇಕಾಗ್ಯದ," ಎಂದಳು ದ್ರೌಪದಿ, ಅವನ ಮುಖ ನೋಡದೆ. "ನನ್ನ ಸ್ವಾರ್ಥ ನಾ ನೋಡ್ಕೋಬ್ಯಾಡಾ?"

ಅವಳ ಕೊಟ್ಟಿಗೆ ಬರಿದಾಗಿರುವುದು ಊರಿಗೇ ಗೊತ್ತು. ಬಂದೇಅಲಿ ಪಕ್ಕಕ್ಕೆ ಸರಿದು, ಅವಳಿಗೊಂದು ಸಾಲು ಬಿಟ್ಟುಕೊಟ್ಟ.