ಹಾಜರಿ ಯಂತ್ರದ ವಿಳಾಸ

ರಾಮನಗರದ ರೇಷ್ಮೆ ನೂಲಿನ ಕಾರ್ಖಾನೆಗೆ ಬೆರಳೊತ್ತುವ ಹಾಜರಿ ಯಂತ್ರ ಬಂದಾಗ, ಅದನ್ನು ಜೋಡಿಸಲು ಯಂತ್ರದ ಕಂಪನಿಯವರು ಕಳಿಸಿದ್ದು ಮಮತಾಳನ್ನು. ಅವಳ ತಾಯಿ ಚಿಕ್ಕಲಕ್ಷ್ಮಮ್ಮ ಅಲ್ಲೇ ಬಿಸಿನೀರಿಗೆ ಕೈಹಾಕಿ ಗೂಡಿನಿಂದ ನೂಲು ತೆಗೆಯುತ್ತಿದ್ದಳು.

ಕಂಪ್ಯೂಟರು ಹುಡುಕಲೆಂದು ಯಂತ್ರಕ್ಕೆ ಮೊದಲು ಕೊಟ್ಟ ಅಂಕಿಗಳ ಐಪಿ ವಿಳಾಸವೇ ಆಫೀಸಿನ ಪ್ರಿಂಟರಿಗೂ ಇದ್ದು, ಎರಡೂ ಒಂದಕ್ಕೊಂದು ಅಡ್ಡ ಬಂದವು. ಮಮತಾ ಕೊನೆಯ ಅಂಕಿ ಬದಲಿಸಿದ ಮೇಲೆ ಯಂತ್ರ ಕಂಪ್ಯೂಟರಿಗೆ ಸಿಕ್ಕಿತು. ಹೆಂಗಸರು ಸಾಲಾಗಿ ಬಂದು ಬೆರಳೊತ್ತಿದರು. ಬಿಸಿನೀರಿನಲ್ಲಿ ಗೆರೆ ಸವೆದ ಚಿಕ್ಕಲಕ್ಷ್ಮಮ್ಮನ ಬೆರಳನ್ನು ಮಾತ್ರ ಅದು ಗುರುತಿಸಲಿಲ್ಲ.

"ಬೆರಳಚ್ಚು ಬೀಳದಿದ್ರೆ ಹಾಜರಿ ಇಲ್ಲ. ನಾಳೆಯಿಂದ ಬರೋದು ಬೇಡ," ಎಂದ ಮ್ಯಾನೇಜರು.

ತಾಯಿ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. "ನೀನೇ ಕೂರ್ಸಿರೋದಲ್ವೇನವ್ವ, ಒಸಿ ಸರ್ಯಾಗಿ ನೋಡು."

"ಮೆಷಿನ್ನು ಸರ್ಯಾಗೇ ಐತೆ ಕಣವ್ವ," ಎಂದಳು ಮಮತಾ, ತಲೆ ಎತ್ತದೆ.

ಅವಳ ಕೆಲಸ ಮೆಚ್ಚಿದ ಮ್ಯಾನೇಜರು ಚನ್ನಪಟ್ಟಣದ ತಮ್ಮ ಇನ್ನೊಂದು ಕಾರ್ಖಾನೆಗೂ ಯಂತ್ರ ಜೋಡಿಸಲು ಅವಳನ್ನೇ ಬರಹೇಳಿದ. ತಾಯಿಯ ಎದುರಿಗೇ ಅವಳು ಹೂಂ ಅಂದಳು.