ಕೆಸರಿನ ಬಳಪ

ಏಪ್ರಿಲ್‌ನಲ್ಲಿ ಸಮುದ್ರದ ಒಡ್ಡಿನ ಕೊನೆಯ ಕಿಂಡಿಗೂ ಬಂಡೆ ಸುರಿದು ಮುಚ್ಚಿದರು. ಅಂದಿನಿಂದ ಗಲ್ಮೆ ಊರಿಗೆ ಉಬ್ಬರ ಬರಲಿಲ್ಲ. ಕೆಸರುಬಯಲಿನಲ್ಲಿ ಕಪ್ಪೆಚಿಪ್ಪು ಕೆದಕಿ ಬದುಕುತ್ತಿದ್ದ ಹೆಂಗಸರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಜೂನಿನ ಮೊದಲ ಮಳೆಯ ಬೆಳಿಗ್ಗೆ, ಆ ಹೆಂಗಸರಲ್ಲೊಬ್ಬಳಾದ ಮಲ್ಸುನ್ ಹಳೆಯ ಉಪ್ಪಿನ ಕೊಟ್ಟಿಗೆಯ ಬಾಗಿಲು ಬಡಿದಳು. ಒಳಗೆ ಚಿತ್ರ ಬರೆಯುವ ಒಕ್ಬುನ್ ಕೆಸರಿನ ಪುಡಿ ಜರಡಿ ಹಿಡಿಯುತ್ತಿದ್ದಳು. ಅಂಗಡಿಯ ಪೇಸ್ಟಲ್ ಕಡ್ಡಿಗಳಲ್ಲಿ ಈ ಊರಿನ ಬಣ್ಣ ಇಲ್ಲವೆಂದು ಹರೆಯದಲ್ಲೇ ಅವನ್ನು ಬಿಟ್ಟವಳು. ಬಯಲಿನ ಕೆಸರನ್ನೇ ಒಣಗಿಸಿ, ಅರೆದು, ಕಡಲಪಾಚಿ ಬೇಯಿಸಿದ ಅಂಟಿನಲ್ಲಿ ಕಲಸಿ ಬಳಪ ಹೊಸೆಯುತ್ತಿದ್ದಳು. ತೊರೆಯ ಬದಿಯ ಬೂದಿ, ಉಪ್ಪುಗಿಡದ ಬುಡದ ಕೆಂಪು, ಮೊಣಕೈ ಆಳದ ನೀಲಿಗಪ್ಪು. ಉಬ್ಬರ ನಿಂತ ಮೇಲೆ ಎಷ್ಟು ಅಗೆದರೂ ಆ ಕಪ್ಪು ಸಿಗಲಿಲ್ಲ, ಕೆಸರು ಬಿಳಿಚಿಕೊಂಡಿತ್ತು. ಹಳೆಯದರಲ್ಲಿ ಒಂದು ಕಡ್ಡಿ ಉಳಿದಿತ್ತು.

"ಅಕ್ಕ, ಎದ್ದು ಬಾ. ನಂಗೆ ಹುಚ್ಚು ನೋಡು. ಮಳೆ ಸದ್ದು ಕೇಳಿ, ಒಡ್ಡು ಒಡೀತು ಅಂತ ಬೂಟು ಹಾಕ್ಕೊಂಡು ಓಡ್ದೆ."

"ಓಡಿ?"

"ನನಗಿಂತ ದಡ್ಡರು ಅಲ್ಲಿದ್ರು."

ಇಬ್ಬರೂ ಬಯಲಿನ ಅಂಚಿಗೆ ಬಂದರು. ಬಿರಿದ ಕೆಸರನ್ನು ತಳ್ಳಿಕೊಂಡು ಕಪ್ಪೆಚಿಪ್ಪುಗಳು ಮೇಲೆ ಬಂದಿದ್ದವು, ಕಣ್ಣು ಹೋದಷ್ಟು ದೂರ. ಮಳೆಯನ್ನೇ ಕಡಲೆಂದು ನಂಬಿ ಬಾಯಿ ತೆರೆದಿದ್ದವು. ಇಡೀ ಬಯಲೇ ತುಟಿ ಬಿಚ್ಚಿದಂಥ ಸಣ್ಣ ಚಿಟಚಿಟ ಸದ್ದು. ಒಕ್ಬುನ್ ಹುಟ್ಟಿದ್ದು ಇಲ್ಲೇ, ಬರೆದದ್ದೆಲ್ಲ ಇದನ್ನೇ. ಆದರೂ ಇಷ್ಟೊಂದು ಜೀವ ತನ್ನ ಕಾಲ ಕೆಳಗೆ ಉಸಿರಾಡುತ್ತಿತ್ತೆಂದು ತಿಳಿದಿರಲಿಲ್ಲ. ಚಪ್ಪಲಿ ಬಿಟ್ಟಳು. ಆಮೇಲೂ ಹೆಜ್ಜೆ ಇಡಲಾಗಲಿಲ್ಲ.

"ಇದನ್ನ ಬರಿ," ಅಂದಳು ಮಲ್ಸುನ್. "ಮೋಡ ಬರೀತೀಯ, ಬಯಲು ಬರೀತೀಯ. ನಮ್ಮ ಬೆನ್ನು ಒಂದ್ಸಲಾನೂ ಕಾಣ್ಲಿಲ್ಲ ನಿಂಗೆ."

"ಯಾವಾಗ್ಲೂ ಬಗ್ಗಿರ್ತಿದ್ರಿ. ಗುಡ್ಡ ಅನ್ಕೊಂಡಿದ್ದೆ."

ಮಲ್ಸುನ್ ನಕ್ಕಳು. ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ಚಿಪ್ಪುಗಳ ತೆರೆದ ಬಾಯಿಗಳು ಮತ್ತೆ ಮುಚ್ಚಲಿಲ್ಲ.

ಒಡ್ಡಿನ ಕಚೇರಿಯವರು ಹೊಸ ಸಭಾಭವನಕ್ಕೆ ಊರಿನ ಬಯಲಿನದೊಂದು ಚಿತ್ರ ಕೇಳಿದ್ದರು. ಅದು ಮುಗಿದ ದಿನ ಅಧಿಕಾರಿ ಕ್ವಾಕ್ ಬಂದ. ಕೊಟ್ಟಿಗೆಯೂ ಈಗ ಕಚೇರಿಯದೇ. ಬಾಗಿಲು ತಟ್ಟದೆ ಒಳಗೆ ನಡೆದ. ಬಾಯಿ ತೆರೆದ ಚಿಪ್ಪುಗಳೇ ತುಂಬಿದ್ದ ಗೋಡೆಯಗಲದ ಕಾಗದದ ಮುಂದೆ ನಿಂತ. ಅರಿವಿಲ್ಲದೆ ಹೆಜ್ಜೆ ಹಿಂದಿಟ್ಟ, ಬೂಟಿನ ಕೆಳಗೆ ಏನೋ ಸಿಕ್ಕಿದಂತೆ. ಹಿಂದಿಟ್ಟ ಕಾಲನ್ನು ಬಗ್ಗಿ ನೋಡಿಕೊಂಡ.

"ಗುರುಗಳೇ, ಏನು ಕೈ ನಿಮ್ದು," ಅಂದ ಕೊನೆಗೆ. "ಈ ಬಾಯಿಗಳು ಮಾತ್ರ ಬೇಡ. ಒರೆಸಿ ನೀರು ತುಂಬಿಸಿಬಿಡಿ."

ಮೂಲೆಯಲ್ಲಿ ಪಾಚಿಯ ಅಂಟು ಕದಡುತ್ತಿದ್ದ ಮಲ್ಸುನ್ ತಲೆ ಎತ್ತಲಿಲ್ಲ. "ಬಂಡೆ ಹಾಕ್ದೋರು ನೀವೇ ಅಲ್ವಾ ಸಾಹೇಬ್ರೆ? ತೆಗೀರಿ. ನೀರು ತಾನಾಗೇ ತುಂಬುತ್ತೆ."

ಕ್ವಾಕ್ ಅವಳತ್ತ ತಿರುಗಲಿಲ್ಲ. ಮೇಜಿನ ಮೇಲಿದ್ದ ಬಟ್ಟೆ ಎತ್ತಿ ಒಕ್ಬುನ್‌ಗೆ ಚಾಚಿದ. "ಪುಡಿ ತಾನೆ ಇದು. ಒಂದ್ಸಲ ಕೈಯಾಡಿಸಿದ್ರೆ ಹೋಯ್ತು. ಈ ಕೊಟ್ಟಿಗೇಲಿ ನೀವು ಇನ್ನೂ ಬಹಳ ವರ್ಷ ಇರ್ಬೇಕು ಅಂತ ನನ್ನಾಸೆ."

ಅವನು ಹೇಳಿದ್ದು ನಿಜ. ಪುಡಿಯೇ. ಬಾಯಿಗಳಿಗೆ ಬಳಿದ ಆ ಕಪ್ಪು ಇನ್ನು ಈ ನೆಲದಲ್ಲಿ ಹುಟ್ಟುವುದಿಲ್ಲ, ಉಸಿರು ಜೋರಾದರೂ ಉದುರುತ್ತದೆ. ಒಕ್ಬುನ್ ಬಟ್ಟೆ ತೆಗೆದುಕೊಂಡಳು. ಮಡಿಚಿದಳು. ಅವನ ಮೊಣಕೈ ಮೇಲೆ ಹಾಕಿದಳು.

"ಒರೆಸಲ್ಲ."

"ನಾನು ಕೊಟ್ಟಿಗೆ ವಿಷಯ ಹೇಳಿದ್ದು..."

"ಕೇಳಿಸ್ತು."

ಕಪ್ಪು ಕಡ್ಡಿಯಲ್ಲಿ ಉಗುರಿನಷ್ಟು ಉಳಿದಿತ್ತು. ಅದನ್ನು ಹುಡುಕಿ ಹಿಡಿದಳು.

"ಮಲ್ಸುನ್, ಬಾಗಿಲ ಬೆಳಕಿಗೆ ಹೋಗು. ಬಗ್ಗು."

"ಎಷ್ಟು ಹೊತ್ತು?"

"ಇದು ಸವೆಯೋವರ್ಗೂ."

ಮಲ್ಸುನ್ ಬಗ್ಗಿದಳು. ಅವಳ ಬಲಗೈ ಬರಿಯ ನೆಲದ ಮೇಲೆ ಚಿಪ್ಪು ಕೆದಕುವ ಗುದ್ದಲಿಗಾಗಿ ತಡಕಿತು. ಅದೇ ಕಾಗದದ ಮೇಲೆ, ಬಾಯಿಗಳ ನಡುವೆ, ಬಳಪ ಉಜ್ಜುವ ಸದ್ದು ಶುರುವಾಯಿತು.