ಐದು ಸಾವಿರ ಸಲ ಕಲಸಿದವರು

ಕಣ್ಣೆದುರು ಕಂಡದ್ದನ್ನು ಕಂಡೊಡನೆ ನಂಬುವ ಜಾಯಮಾನ ಅವರದಲ್ಲ. ಮಿದುಳಿನ ಚಿತ್ರಗಳನ್ನು ಅಭ್ಯಸಿಸುವ ನಮ್ಮ ಪ್ರಯೋಗಾಲಯದ ಸಂಖ್ಯಾಶಾಸ್ತ್ರಜ್ಞೆ. ಓಡುವ ಬಸ್ಸನ್ನು ಹಿಡಿಯಹೊರಟವರಂತೆ ಮುಂದಕ್ಕೆ ಬಾಗಿ ನಡೆಯುವ, ಸುಡುಬೇಸಿಗೆಯಲ್ಲೂ ಮೊಣಕೈ ಸವೆದ ಬೂದು ಕೋಟನ್ನು ಬಿಡದ ಆ ಹಿರಿಯರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಕಲಸಮ್ಮ. ಯಾರು ಎಂಥ ಶೋಧ ಹೊತ್ತು ತಂದರೂ ಅವರ ಮೊದಲ ಪ್ರಶ್ನೆ ಒಂದೇ: "ಕಲಸಿದ್ಯಾ?"

ಕಲಸುವುದೆಂದರೆ, ಯಾರು ಯಾವ ಗುಂಪಿನವರೆಂಬ ಹಣೆಪಟ್ಟಿಗಳನ್ನು ಕುರುಡಾಗಿ ಅದಲುಬದಲು ಮಾಡಿ, ಆಗ ಇಡೀ ಮಿದುಳಿನಲ್ಲಿ ಕಾಣುವ ಅತಿ ದೊಡ್ಡ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳುವುದು. ಹೀಗೆ ಐದು ಸಾವಿರ ಸಲ. ಇನ್ನೂರೈವತ್ತಕ್ಕಿಂತ ಹೆಚ್ಚು ಸಲ ಬರಿಯ ಆಕಸ್ಮಿಕವೇ ನಮಗೆ ಸಿಕ್ಕ ವ್ಯತ್ಯಾಸವನ್ನು ಸರಿಗಟ್ಟಿತೋ, ನಮ್ಮ ಶೋಧ ಶೋಧವೇ ಅಲ್ಲ.

ಎರಡು ಭಾಷೆಯಾಡುವ ಹತ್ತು ಮನೆ, ಒಂದೇ ಭಾಷೆಯಾಡುವ ಹತ್ತು ಮನೆ, ಮನೆಗಿಬ್ಬರಂತೆ ನಲವತ್ತು ಮಕ್ಕಳು, ಆ ಎರಡು ಗುಂಪಿನ ಮಿದುಳುಗಳ ನಡುವೆ ನಾನು ಕಂಡ ಒಂದು ವ್ಯತ್ಯಾಸ: ಬಸುರಿನಲ್ಲಿ ಆರಂಭಿಸಿ ಬಾಣಂತನ ದಾಟಿಸಿ ತಂದ ನನ್ನ ಎರಡು ವರ್ಷದ ಕೆಲಸವನ್ನು ನಾಲ್ಕು ಗಂಟೆಗೆ ಸಭೆಯ ಮುಂದಿಡಬೇಕಿದ್ದ ದಿನ, ಮಗಳನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಟ್ಟು ಏದುಸಿರು ಬಿಡುತ್ತ ಅವರೆದುರು ನಿಂತೆ.

"ಕಲಸಿದೀನಿ ಮೇಡಂ. ಐದು ಸಾವಿರಕ್ಕೆ ಬರೀ ಒಂಬತ್ತು."

"ನಲವತ್ತೂ ಮಕ್ಕಳನ್ನ ಬಿಡಿಬಿಡಿಯಾಗಿ ಕಲಸಿದ್ಯೇನು?"

"ಹೂಂ."

"ಅಲ್ಲ ಕಣೇ, ನೀನೂ ಒಂದು ಹೆತ್ತವಳು. ಅಣ್ಣನ್ನ ಒಂದು ಗುಂಪಿಗೆ, ತಂಗೀನ ಇನ್ನೊಂದಕ್ಕೆ ಎಸೀತಾರಾ? ಒಡಹುಟ್ಟಿದವರ ಮಿದುಳು ಒಂದನ್ನೊಂದು ಹೋಲುತ್ವೆ. ಎತ್ತಿದ್ರೆ ಮನೆಮಂದಿನೆಲ್ಲ ಒಟ್ಟಿಗೇ ಎತ್ತು."

ಮನೆ ಮನೆಯಾಗಿ ಮತ್ತೆ ಮೊದಲಿನಿಂದ ಕಲಸತೊಡಗಿದೆವು. ಮೊದಲ ಸಾವಿರಕ್ಕೇ ಐವತ್ತೈದು. ಇದೇ ಓಟವಾದರೆ ಎರಡು ವರ್ಷ ನೀರುಪಾಲು. ಅವರು ಊಟಕ್ಕೇಳದೆ, ಬಾಳೆಹಣ್ಣೊಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟು, ಕುರ್ಚಿಯ ತುದಿಗೆ ಸರಿದು ಪರದೆಯನ್ನೇ ನುಂಗುವಂತೆ ನೋಡುತ್ತಿದ್ದರು. ಎರಡನೆಯ ಸಾವಿರ ಮುಗಿದಾಗ ಒಟ್ಟು ತೊಂಬತ್ತಾರು. ಮೂರನೆಯದಕ್ಕೆ ನೂರ ಮೂವತ್ತೇಳು. ಕೊನೆಗೆ, ಮೂರೂವರೆ ಗಂಟೆಗೆ, ಐದು ಸಾವಿರಕ್ಕೆ ಇನ್ನೂರ ಇಪ್ಪತ್ತೆರಡು.

"ಉಳೀತು," ಎಂದು ಮೇಜು ಗುದ್ದಿದ ರಭಸಕ್ಕೆ ಅವರ ಕನ್ನಡಕ ಜಾರಿತು. "ಹೋಗು, ಹೇಳು. ಒಂಬತ್ತು ಅಂತ ಬಾಯಿ ತಪ್ಪಿಯೂ ಬರಬಾರದು. ಇನ್ನೂರ ಇಪ್ಪತ್ತೆರಡು. ತಲೆ ಎತ್ಕೊಂಡು ಹೇಳು."

ಹಾಗೆಯೇ ಹೇಳಿದೆ. ಇಂಥವರನ್ನು ಲೋಕ ಸಂಶಯಪ್ರಾಣಿಗಳೆಂದು ದೂರವಿಡುತ್ತದೆ. ಆದರೆ ಸತ್ಯವನ್ನು ಅಷ್ಟು ಗೋಳುಹೊಯ್ದುಕೊಳ್ಳುವವರು ಅದರ ಕಟ್ಟಾ ಅಭಿಮಾನಿಗಳೇ. ಅದು ಕೈಗೆ ಸಿಕ್ಕಿ ಉಳಿದ ದಿನ, ಕಂಡುಹಿಡಿದವರಿಗಿಂತ ಒಂದು ತೂಕ ಹೆಚ್ಚಾಗಿಯೇ ಹಿಗ್ಗುತ್ತಾರೆ.